ನಮ್ಮ ಸೀಮೆಯ ಚರಿತ್ರೆಯೂ ನಮ್ಮ ಹೊಣೆಯೂ

ಸ್ಮರಣಸಂಚಿಕೆಯೆಂಬ ಹೆಸರೇ ಹೇಳುವಂತೆ, ಇಂಥ ಪುಸ್ತಕವು ಹಳೆಯದನ್ನು ನೆನೆಯುವುದಕ್ಕಾಗಿಯೇ ಹುಟ್ಟಿದುದು. ಇದರ ಪುಟಗಳಲ್ಲಿ ನಾವು ನಮ್ಮ ಉಪಾಧ್ಯಾಯಿನಿಯರನ್ನು ನೆನೆಯುತ್ತೇವೆ. ಮಳೆಗಾಲದ ಮುಂಜಾನೆಗಳಲ್ಲಿ ಒದ್ದೆಯಾದ ಲಂಗದ ಅಂಚನ್ನು ಹಿಂಡಿಕೊಂಡು ತರಗತಿಗೆ ಓಡಿಬಂದ ದಿನಗಳನ್ನು ನೆನೆಯುತ್ತೇವೆ. ಒಂದೇ ಬೆಂಚಿನಲ್ಲಿ ಕುಳಿತಿದ್ದ ಗೆಳತಿಯರು ಈಗ ಎಲ್ಲೆಲ್ಲಿರುವರೋ ಎಂದು ಲೆಕ್ಕ ಹಾಕುತ್ತೇವೆ. ಇದೆಲ್ಲವೂ ಉಚಿತವಾದುದೇ. ಆದರೆ ಶಾಲೆಯೆಂಬುದು ಆಕಾಶದಲ್ಲಿ ನಿಂತಿರತಕ್ಕ ವಸ್ತುವಲ್ಲ. ಅದು ಒಂದು ಸೀಮೆಯ ನೆಲದ ಮೇಲೆ ನಿಂತು, ಆ ಸೀಮೆಯ ಜನರ ಮಕ್ಕಳಿಂದ ತುಂಬಿಕೊಂಡು ಬಂದುದು. ಆ ಸೀಮೆಯ ಪೂರ್ವವೃತ್ತಾಂತವನ್ನು ನಾವು ಎಷ್ಟರಮಟ್ಟಿಗೆ ಬಲ್ಲೆವು ಎಂದು ಕೇಳಿಕೊಂಡರೆ ನಮ್ಮಲ್ಲಿ ಅನೇಕರು ತಲೆತಗ್ಗಿಸಬೇಕಾದೀತು. ಪಾಣಿಪತ್ತಿನ ಮೂರು ಯುದ್ಧಗಳ ಇಸವಿಗಳನ್ನು ತಪ್ಪಿಲ್ಲದೆ ಒಪ್ಪಿಸಿ ಭೇಷ್ ಎನ್ನಿಸಿಕೊಂಡ ನಾವೇ, ಕಳಸದ ಶಾಸನಗಳಲ್ಲಿ ಯಾರ ಹೆಸರಿದೆಯೆಂಬುದನ್ನು ತಿಳಿಯದೆ ಶಾಲೆಯನ್ನು ಮುಗಿಸಿ ಹೊರಟುಬಂದೆವು.

ಈಚೆಗೆ ಈ ಕೊರತೆಯನ್ನು ತುಂಬುವ ಆಸೆ ಅಲ್ಲಲ್ಲಿ ಮೂಡಿರುವುದು ಸಂತೋಷದ ಸಂಗತಿ. ಊರೂರುಗಳಲ್ಲಿ ಸ್ಥಳಚರಿತ್ರೆಯ ಆಸಕ್ತರು ಕೂಡಿ ಸಂಘಗಳನ್ನು ಕಟ್ಟುತ್ತಿದ್ದಾರೆ. ವಿದ್ವಾಂಸರನ್ನು ಕರೆಯಿಸಿ ಉಪನ್ಯಾಸ ಮಾಡಿಸುತ್ತಿದ್ದಾರೆ. ಮಕ್ಕಳನ್ನು ಹಳೆಯ ದೇವಾಲಯಗಳಿಗೂ ಬಸದಿಗಳಿಗೂ ವೀರಗಲ್ಲುಗಳಿಗೂ ಕರೆದೊಯ್ದು ತೋರಿಸುತ್ತಿದ್ದಾರೆ. ಇಂಥ ಸಂಘಗಳಿಗೆ ನಮ್ಮ ಹಳೆಯ ವಿದ್ಯಾರ್ಥಿನಿಯರು ಹೇಗೆ ಒದಗಬೇಕು, ಮತ್ತು ಇಂಥ ಸಂಘಗಳು ಯಾವುದನ್ನು ಮೊದಲು ಮಾಡಬೇಕು ಎಂಬ ವಿಷಯದಲ್ಲಿ ನಮ್ಮ ಅಭಿಪ್ರಾಯವನ್ನು ಓದುಗರ ಮುಂದಿಡಬೇಕೆಂದು ಈ ಕೆಲವು ಮಾತುಗಳನ್ನು ಬರೆಯುತ್ತಿದ್ದೇವೆ. ಅದಕ್ಕೆ ಮುಂಚೆ ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳುವುದು ನ್ಯಾಯ.

ಕೆಲವು ವರ್ಷಗಳ ಹಿಂದೆ ನಮ್ಮ ಸೀಮೆಯ ಒಂದು ಊರಿನಲ್ಲಿ ಮಲೆನಾಡಿನ ಶಾಸನಗಳನ್ನು ಕುರಿತು ಉಪನ್ಯಾಸವೊಂದು ನಡೆಯಿತು. ನಾವೂ ಹೋಗಿದ್ದೆವು. ಭಾಷಣವು ಚೆನ್ನಾಗಿತ್ತು, ಹಾರ ತುರಾಯಿಗಳೂ ವಂದನಾರ್ಪಣೆಯೂ ಕ್ರಮವಾಗಿ ನಡೆದವು. ಸಭೆ ಮುಗಿದು ಕಾಫಿ ಹಂಚುತ್ತಿದ್ದಾಗ, ಹಿಂದುಗಡೆಯ ಬಾಗಿಲ ಬಳಿ ನಿಂತಿದ್ದ ಒಬ್ಬ ಅಜ್ಜಿ ನಮ್ಮ ಹತ್ತಿರ ಬಂದರು. ತೋಟದ ಲೈನಿನಲ್ಲಿ ಬಾಳೆಲ್ಲ ಕಳೆದವರು. “ಅಮ್ಮಾ, ಅವರು ಹೇಳಿದಂಥಾ ಬರಹದ ಕಲ್ಲು ನಮ್ಮ ಲೈನಿನ ಕೆಳಗಡೆ, ಹಳ್ಳದ ಹತ್ತಿರ ಒಂದು ಉಂಟು. ನಾವು ಹುಡುಗಿಯರಾಗಿದ್ದಾಗ ಅದರ ಮೇಲೆ ಬಟ್ಟೆ ಒಗೆಯುತ್ತಿದ್ದೆವು. ಮೇಲುಗಡೆ ಸೂರ್ಯ ಚಂದ್ರ ಕೆತ್ತಿದ್ದಾರೆ,” ಎಂದರು. ಒಂಬತ್ತು ವರ್ಷದವರಿದ್ದಾಗ ತಾಯಿಯ ಕೈಹಿಡಿದು ಮೇಸ್ತ್ರಿಯ ಹಿಂದೆ ಘಟ್ಟ ಹತ್ತಿ ಬಂದುದನ್ನೂ, ಮೊದಲ ಮಳೆಗಾಲದಲ್ಲಿ ಒಂದೇ ಗೊರಬಿನ ಕೆಳಗೆ ತಾಯಿ ಮಗಳು ಇಬ್ಬರೂ ಕೆಲಸ ಮಾಡಿದುದನ್ನೂ ಹೇಳಿದರು. ನಾವು ಅವಸರದಲ್ಲಿದ್ದೆವು. “ಇನ್ನೊಂದು ದಿನ ಬರುತ್ತೇವೆ, ಅಜ್ಜಿ,” ಎಂದೆವು. “ಮಳೆ ಹಿಡಿಯುವುದರೊಳಗೆ ಬನ್ನಿ ಅಮ್ಮಾ,” ಎಂದು ಅವರು ಹೇಳಿದರು.

ನಾವು ಹೋದುದು ಎರಡು ಮಳೆಗಾಲಗಳು ಕಳೆದ ಮೇಲೆ. ಅಷ್ಟರಲ್ಲಿ ಅಜ್ಜಿ ತೀರಿಕೊಂಡಿದ್ದರು. ಹಳೆಯ ಲೈನನ್ನು ಕೆಡವಿ ಬೇರೆ ಮನೆಗಳನ್ನು ಕಟ್ಟಿದ್ದರು. ಹಳ್ಳದ ದಡ ಕುಸಿದು, ಅದರ ಮೇಲೆ ಲಂಟಾನದ ಪೊದೆ ಹಬ್ಬಿತ್ತು. ಹೊಸ ಮನೆಗಳಲ್ಲಿದ್ದವರು ಬೇರೆ ಕಡೆಯಿಂದ ಬಂದವರು. ಅಲ್ಲಿ ಬರಹದ ಕಲ್ಲೊಂದಿತ್ತೆಂಬುದನ್ನು ಅವರು ಕೇಳಿಯೂ ಇರಲಿಲ್ಲ. ನಾವು ಅರ್ಧ ದಿನ ಹುಡುಕಿ ಬರಿಗೈಯಲ್ಲಿ ಹಿಂತಿರುಗಿದೆವು. ದಾರಿಯಲ್ಲಿ ನಮಗೆ ಹೊಳೆದ ಇನ್ನೊಂದು ವಿಷಯವು ನಮ್ಮನ್ನು ಇಂದಿಗೂ ಬಾಧಿಸುತ್ತದೆ. ಆ ಅಜ್ಜಿಯ ಹೆಸರನ್ನು ನಾವು ಕೇಳಿಯೇ ಇರಲಿಲ್ಲ.

ಚರಿತ್ರೆಯೆಂದರೆ ಕಲ್ಲು, ತಾಮ್ರಪಟ, ಓಲೆಗರಿ. ಮುದುಕರ ಮಾತೆಂದರೆ ಹೊತ್ತುಹೋಗದವರ ಹರಟೆ, ಎಂದು ನಾವೂ ಒಂದು ಕಾಲಕ್ಕೆ ಭಾವಿಸಿದ್ದೆವು. ಆ ದಿನ ತಿಳಿಯಿತು, ಕಲ್ಲು ಕೂಡ ಒಬ್ಬರ ನೆನಪಿನಲ್ಲಿ ಉಳಿದಿದ್ದರೆ ಮಾತ್ರ ಉಳಿಯುತ್ತದೆಂದು. ಕಲ್ಲಿನ ಮಾತೂ ಮನೆಯ ಮಾತೂ ಬೇರೆ ಬೇರೆಯಲ್ಲ. ಅವುಗಳಲ್ಲಿ ಕಲ್ಲು ನೂರು ವರ್ಷ ಕಾಯಬಲ್ಲುದು, ಮನುಷ್ಯನು ಕಾಯಲಾರನು. ಆದುದರಿಂದ ನಮ್ಮ ಸಂಘಗಳು ಮೊದಲು ಕೇಳಬೇಕಾದುದು ಜೀವಂತವಾಗಿರುವವರ ಮಾತನ್ನು ಎಂಬುದೇ ಈ ಲೇಖನದ ಮುಖ್ಯಾಭಿಪ್ರಾಯ.

ಹಾಗೆಂದು ಕಲ್ಲನ್ನು ಓದಿದ ಮಹನೀಯರ ಶ್ರಮವನ್ನು ನಾವು ಕಿರಿದೆಣಿಸುತ್ತಿಲ್ಲ. ಅವರ ಕೆಲಸವಿಲ್ಲದಿದ್ದರೆ ನಮ್ಮ ಸೀಮೆಗೆ ಚರಿತ್ರೆಯೇ ಇರುತ್ತಿರಲಿಲ್ಲ. ಇದನ್ನು ಹೇಳುವಾಗ ಬಿ. ಎಲ್. ರೈಸ್ ಅವರನ್ನು ಸ್ಮರಿಸದೆ ಮುಂದುವರಿಯುವುದು ಕೃತಘ್ನತೆಯಾದೀತು. ಅವರು 1837ರಲ್ಲಿ ಬೆಂಗಳೂರಿನಲ್ಲಿಯೇ ಹುಟ್ಟಿದವರು. ಲಂಡನ್ ಮಿಷನ್ನಿನ ಪಾದ್ರಿಗಳ ಮಗ. ಕನ್ನಡದ ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸಬೇಕೆಂದು ಬೆಂಗಳೂರಿನಲ್ಲಿ ಮೊದಮೊದಲು ಶ್ರಮಿಸಿದವರಲ್ಲಿ ಅವರ ತಾಯಿಯವರೂ ಒಬ್ಬರೆಂಬುದು ನಮ್ಮಂಥ ಶಾಲೆಯವರು ನೆನಪಿಡಬೇಕಾದ ಮಾತು. ಮಗನು ಮೈಸೂರು ಸಂಸ್ಥಾನದ ಊರೂರುಗಳಿಂದ ಶಾಸನಗಳನ್ನು ಸಂಗ್ರಹಿಸಿ, 8,869 ಶಾಸನಗಳನ್ನು ‘ಎಪಿಗ್ರಾಫಿಯ ಕರ್ನಾಟಿಕ’ ಎಂಬ ಸಂಪುಟಗಳಲ್ಲಿ ಅಚ್ಚುಹಾಕಿಸಿದರು. ಅದರ ಆರನೆಯ ಸಂಪುಟವು 1901ರಲ್ಲಿ ಹೊರಬಂದಿತು; ಅದು ಆಗ ಕಡೂರು ಜಿಲ್ಲೆಯೆನಿಸಿಕೊಂಡಿದ್ದ ನಮ್ಮ ಚಿಕ್ಕಮಗಳೂರು ಜಿಲ್ಲೆಯದು. ಕಲ್ಲನ್ನು ತೊಳೆದು, ಒದ್ದೆಮಾಡಿದ ಕಾಗದವನ್ನು ಅದರ ಮೇಲೆ ಹಾಸಿ, ಅಕ್ಷರದ ಗುಳಿಗಳೊಳಕ್ಕೆ ಕಾಗದವು ಇಳಿಯುವಂತೆ ಬ್ರಷ್ಷಿನಿಂದ ಬಡಿದು, ಮೇಲೆ ಮಸಿ ತಟ್ಟಿದರೆ ಅಕ್ಷರಗಳು ಬಿಳಿದಾಗಿ ಮೂಡುತ್ತವೆ. ಈ ಕೆಲಸವನ್ನು ನಮ್ಮ ಜಿಗಣೆಯ ಕಾಡುಗಳಲ್ಲಿ ಮಾಡಿದವರ ಸಹನೆ ಎಂಥದಿರಬೇಕು!

ಆ ಸಹನೆಯ ಫಲವಾಗಿಯೇ ನಮ್ಮ ಹುಡುಗಿಯರು ತಿಳಿಯಬೇಕಾದ ಒಂದು ಸಂಗತಿ ಬೆಳಕಿಗೆ ಬಂದಿದೆ. ಹದಿಮೂರನೆಯ ಶತಮಾನದಲ್ಲಿ ಕಳಸವನ್ನು ಜಾಕಲಮಹಾದೇವಿ, ಕಾಳಲಮಹಾದೇವಿ ಎಂಬ ರಾಣಿಯರು ಆಳಿದರು. ಹೆಂಗಸಿಗೆ ರಾಜ್ಯವೇಕೆ ಎಂದು ಕೇಳುವವರಿಗೆ ನಮ್ಮ ಭದ್ರಾನದಿಯ ದಡವೇ ಏಳು ನೂರು ವರ್ಷಗಳ ಹಿಂದೆ ಉತ್ತರ ಕೊಟ್ಟಿದೆ. ಇದೇ ಕಳಸದ ಅರಸುಮನೆತನವು ಘಟ್ಟದ ಕೆಳಗೆ ಕಾರ್ಕಳದಲ್ಲಿಯೂ ನೆಲೆಸಿ, ಅದರಲ್ಲಿ ಹುಟ್ಟಿದ ವೀರಪಾಂಡ್ಯನು 1432ರಲ್ಲಿ ಅಲ್ಲಿಯ ಗೊಮ್ಮಟನನ್ನು ನಿಲ್ಲಿಸಿದನು. ಮೂಡಿಗೆರೆ ತಾಲ್ಲೂಕಿನ ಅಂಗಡಿಯೆಂಬ ಚಿಕ್ಕ ಹಳ್ಳಿಯೇ ಹೊಯ್ಸಳರ ಮೂಲಸ್ಥಾನವಾದ ಸೊಸೆವೂರೆಂದು ವಿದ್ವಾಂಸರು ಗುರುತಿಸಿದ್ದಾರೆ. ಬೇಲೂರು ಹಳೇಬೀಡುಗಳನ್ನು ನೋಡಲು ದೇಶಾಂತರಗಳಿಂದ ಬರುವ ಜನರು ಅಂಗಡಿಯ ಪಕ್ಕದ ರಸ್ತೆಯಲ್ಲಿಯೇ ಹಾದುಹೋಗುತ್ತಾರೆ. ನಾವೂ ಹಾಗೆಯೇ ಹಾದುಹೋಗುತ್ತೇವೆ.

ರೈಸರು ಎಲ್ಲವನ್ನೂ ನೋಡಿ ಮುಗಿಸಿದರೆಂದು ಮಾತ್ರ ತಿಳಿಯಕೂಡದು. ನಮ್ಮ ನೆರೆಯ ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ, ಊರಿನವರು ದಿನಾ ನೋಡುತ್ತಿದ್ದ ಒಂದು ಕಲ್ಲನ್ನು 1936ರಲ್ಲಿ ಡಾ. ಎಂ. ಎಚ್. ಕೃಷ್ಣ ಅವರು ಬೆಳಕಿಗೆ ತಂದರು. ಸುಮಾರು ಕ್ರಿ. ಶ. 450ರ ಕಾಲದ್ದೆನ್ನಲಾದ ಆ ಶಾಸನವು ಕನ್ನಡದ ಅತಿ ಪ್ರಾಚೀನ ಶಾಸನಗಳ ಸಾಲಿನಲ್ಲಿ ಅಗ್ರಸ್ಥಾನವನ್ನು ಪಡೆಯಿತು. ಅಷ್ಟು ಹಿರಿದಾದುದು ಊರಿನ ನಡುವೆ ಇದ್ದೂ ಓದದೆ ಉಳಿದಿದ್ದಿತಾದರೆ, ನಮ್ಮ ತೋಟಗಳ ಹಳ್ಳದ ದಡಗಳಲ್ಲಿ ಇನ್ನೇನೇನಿದೆಯೋ ಬಲ್ಲವರಾರು? ತೋರಿಸುವವರು ಇರುವಾಗ ಕೇಳುವವರು ಬೇಕು, ಅಷ್ಟೆ.

ಇಂಥ ಕೇಳುವ ಕೆಲಸಕ್ಕೆ ಸಂಘಗಳು ಹುಟ್ಟಿದುದು ನಮ್ಮ ನಾಡಿನಲ್ಲಿ ಹೊಸತಲ್ಲ. ಬೆಂಗಳೂರಿನ ಮಿಥಿಕ್ ಸೊಸೈಟಿಯು 1909ರಲ್ಲಿ ಸ್ಥಾಪಿತವಾಯಿತು. ಅದರ ಅಧ್ಯಕ್ಷರಾಗಿ ಬಹುಕಾಲ ಅದನ್ನು ಬೆಳೆಸಿದವರು ಫಾದರ್ ಟಬಾರ್ಡ್ ಎಂಬ ಕ್ರೈಸ್ತ ಗುರುಗಳು. ಧಾರವಾಡದಲ್ಲಿ ಆಲೂರು ವೆಂಕಟರಾಯರು 1914ರಲ್ಲಿ ಕರ್ನಾಟಕ ಇತಿಹಾಸ ಸಂಶೋಧನ ಮಂಡಲವನ್ನು ಕಟ್ಟಿದರು. ಒಬ್ಬರು ಪರದೇಶದಿಂದ ಬಂದ ಪಾದ್ರಿ, ಇನ್ನೊಬ್ಬರು ಕನ್ನಡಿಗರ ಏಕೀಕರಣಕ್ಕಾಗಿ ಬಾಳನ್ನು ಮುಡಿಪಿಟ್ಟ ದೇಶಭಕ್ತರು. ಇಬ್ಬರ ಕಣ್ಣೂ ಒಂದೇ ನೆಲದ ಮೇಲಿದ್ದಿತು. ಸ್ಥಳಚರಿತ್ರೆಯು ಯಾವುದೊಂದು ಮತದ ಅಥವಾ ಜಾತಿಯ ಸೊತ್ತಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಉಪನ್ಯಾಸ ಪತ್ರಿಕೆಗಳಷ್ಟಕ್ಕೆ ನಿಲ್ಲದೆ ಜನರೇ ಕೈಹಾಕಿದರೆ ಏನಾಗಬಹುದೆಂಬುದನ್ನೂ ಈಚೆಗೆ ಬೆಂಗಳೂರು ತೋರಿಸಿಕೊಟ್ಟಿದೆ. ಅಲ್ಲಿಯ ಹೆಬ್ಬಾಳದಲ್ಲಿ 2018ರಲ್ಲಿ ಒಂದು ವೀರಗಲ್ಲು ಬೆಳಕಿಗೆ ಬಂದಿತು. ಸುಮಾರು ಕ್ರಿ. ಶ. 750ರ ಕಾಲದ ಆ ಕಲ್ಲಿನಲ್ಲಿ ಕಿತ್ತಯ್ಯನೆಂಬ ವೀರನ ಹೆಸರಿದೆ. ಶಾಸನಗಳಲ್ಲಿ ಆಸಕ್ತರಾದ ನಾಗರಿಕರೂ ಆ ಭಾಗದ ನಿವಾಸಿಗಳೂ ಸೇರಿ ಅದನ್ನು ಕಾಪಾಡಿ, ಅದಕ್ಕೊಂದು ಮಂಟಪವನ್ನೂ ಕಟ್ಟಿಸಿದರು. ಮಿಥಿಕ್ ಸೊಸೈಟಿಯವರು ಈಚಿನ ವರ್ಷಗಳಲ್ಲಿ ಬೆಂಗಳೂರಿನ ಸುತ್ತಣ ಶಾಸನಗಳನ್ನು ಯಂತ್ರದಿಂದ ಅಳೆದು, ಕಲ್ಲಿನ ಉಬ್ಬುತಗ್ಗುಗಳೆಲ್ಲ ಕಾಣುವ ಮೂರು ಆಯಾಮದ ಪ್ರತಿಗಳನ್ನು ಸಿದ್ಧಪಡಿಸುತ್ತಿದ್ದಾರೆ. ಮನೆ, ಅಂಗಡಿ, ರಸ್ತೆಗಳ ಭರದಲ್ಲಿ ಹಳೆಯದೆಲ್ಲವೂ ಕೊಚ್ಚಿಹೋಗುತ್ತಿರುವ ಆ ನಗರದಲ್ಲಿಯೇ ಇಷ್ಟು ಸಾಧ್ಯವಾದರೆ, ಒಬ್ಬರನ್ನೊಬ್ಬರು ಬಲ್ಲ ನಮ್ಮ ಚಿಕ್ಕ ಊರುಗಳಲ್ಲಿ ಏಕೆ ಸಾಧ್ಯವಾಗದು?

ಇನ್ನು ನಮ್ಮ ಸೀಮೆಗೆ ವಿಶೇಷವಾದ ಮಾತಿಗೆ ಬರೋಣ. ಈ ಗುಡ್ಡಗಳ ಈಚಿನ ಇನ್ನೂರು ವರ್ಷಗಳ ಚರಿತ್ರೆಯೆಂದರೆ ಬಹುಮಟ್ಟಿಗೆ ಕಾಫಿಯ ಚರಿತ್ರೆ. ಬಾಬಾಬುಡನ್ ಅವರು ಅರೇಬಿಯದಿಂದ ಏಳು ಬೀಜಗಳನ್ನು ತಂದರೆಂಬ ಕಥೆಯನ್ನು ಎಲ್ಲರೂ ಬಲ್ಲೆವು. ದೊರೆಗಳ ತೋಟಗಳ ಕಾಲದ ವೃತ್ತಾಂತವೂ ಸಿಕ್ಕುತ್ತದೆ. ಏಕೆಂದರೆ ದೊರೆಗಳು ಬರೆದಿಟ್ಟರು. ಮಂಜರಾಬಾದು ಸೀಮೆಯಲ್ಲಿ ತೋಟ ಮಾಡಿದ ರಾಬರ್ಟ್ ಎಲಿಯಟ್ ಎಂಬುವರು 1871ರಲ್ಲಿ ಒಂದು, 1894ರಲ್ಲಿ ಇನ್ನೊಂದು ಪುಸ್ತಕವನ್ನು ತಮ್ಮ ಅನುಭವಗಳನ್ನು ಕುರಿತು ಪ್ರಕಟಿಸಿದರು. ಕಾಫಿಯ ಸಂಶೋಧನೆಗಾಗಿ ಬಾಳೆಹೊನ್ನೂರಿನಲ್ಲಿ 1925ರಲ್ಲಿ ಏರ್ಪಟ್ಟ ಕೇಂದ್ರದ ಕಡತಗಳಿವೆ. ಕಾಫಿ ಬೋರ್ಡಿನ ವರದಿಗಳಿವೆ. ಆದರೆ ಬೆಳಗಿನ ಚಳಿಯಲ್ಲಿ ಕುಕ್ಕೆ ಕಟ್ಟಿಕೊಂಡು ಹಣ್ಣು ಕೊಯ್ದವಳು ಯಾವ ಪುಸ್ತಕವನ್ನೂ ಬರೆಯಲಿಲ್ಲ. ಅವಳ ಹೆಸರು ತೋಟದ ಚೆಕ್‌ರೋಲಿನಲ್ಲಿ ಬಂದಿದ್ದರೆ ಬಂದೀತು. ಆ ಪುಸ್ತಕಗಳನ್ನು ಎಷ್ಟೋ ಕಡೆ ಗೆದ್ದಲು ತಿಂದಿದೆ. ಮುಂಗಡ ಪಡೆದು ಘಟ್ಟ ಹತ್ತಿದವರು ಎಷ್ಟು ವರ್ಷಕ್ಕೆ ಆ ಸಾಲವನ್ನು ತೀರಿಸಿದರು, ಲೈನಿನಲ್ಲಿ ಹೆರಿಗೆ ಹೇಗಾಗುತ್ತಿದ್ದಿತು, ಮಲೇರಿಯದ ಜ್ವರದಲ್ಲಿ ಯಾರು ಯಾರಿಗೆ ಗಂಜಿ ಕಾಸಿಕೊಟ್ಟರು, ಮೊದಲು ಶಾಲೆಗೆ ಬಂದ ಹುಡುಗಿಯನ್ನು ಯಾರು ಕಳುಹಿಸಿದರು, ಯಾರು ತಡೆದರು—ಇದೆಲ್ಲವೂ ಬಾಯಿಂದ ಬಾಯಿಗೆ ಬಂದುದು, ಬಾಯಿ ಮುಚ್ಚಿದರೆ ಹೋಗತಕ್ಕದ್ದು. ತೋಟದ ಕೆಲಸಗಾರರಿಗೆ ಮನೆ, ನೀರು, ವೈದ್ಯ, ಮಕ್ಕಳ ಶಾಲೆಗಳನ್ನು ಒದಗಿಸಬೇಕೆಂದು ವಿಧಿಸಿದ ಕಾಯಿದೆ ಬಂದುದು 1951ರಲ್ಲಿ. ಅದಕ್ಕೆ ಮುಂಚಿನ ಸ್ಥಿತಿಯನ್ನು ಕಣ್ಣಾರೆ ಕಂಡು ನೆನಪಿಟ್ಟಿರುವವರು ಈಗ ಎಂಬತ್ತನ್ನು ದಾಟಿದವರು. ಈ ಲೆಕ್ಕವನ್ನು ಮಾಡಿನೋಡಿದರೆ, ಮುಂದಿನ ವರ್ಷ ನೋಡೋಣವೆನ್ನುವುದಕ್ಕೆ ನಮಗೆ ಬಾಯಿ ಬರುವುದಿಲ್ಲ.

ಚರಿತ್ರೆಯೆಂದರೆ ಬಹು ಹಳೆಯದೇ ಆಗಿರಬೇಕೆಂಬ ಭ್ರಾಂತಿಯನ್ನೂ ಬಿಡಬೇಕು. ಕುದುರೆಮುಖದ ಉದಾಹರಣೆಯನ್ನೇ ನೋಡಿ. ಸಮುದ್ರದಲ್ಲಿ ಹೋಗುವವರಿಗೆ ಕುದುರೆಯ ಮುಖದಂತೆ ತೋರುವುದರಿಂದ ಆ ಹೆಸರನ್ನು ಪಡೆದ ಶಿಖರವಿರುವ ಆ ಬೆಟ್ಟಸಾಲಿನಲ್ಲಿ ಕಬ್ಬಿಣದ ಅದಿರಿರುವುದನ್ನು ಮೈಸೂರು ಸಂಸ್ಥಾನದ ಭೂವಿಜ್ಞಾನಿ ಸಂಪತ್ ಅಯ್ಯಂಗಾರ್ಯರು 1913ರಲ್ಲಿ ಕಂಡುಹಿಡಿದರು. 1976ರಲ್ಲಿ ಅದಕ್ಕಾಗಿ ಸರ್ಕಾರದ ಕಂಪೆನಿಯೊಂದು ಹುಟ್ಟಿತು. ದಟ್ಟ ಕಾಡಿನ ನಡುವೆ ಪಟ್ಟಣವೊಂದು ಎದ್ದಿತು. ಲಕ್ಯಾ ಹೊಳೆಗೆ ಅಣೆಕಟ್ಟು ಬಂದಿತು. ಪುಡಿಮಾಡಿದ ಅದಿರು ನೀರಿನೊಡನೆ ಬೆರೆತು 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಹರಿದು ಮಂಗಳೂರಿನ ಪಣಂಬೂರನ್ನು ಸೇರಿತು. 1987ರಲ್ಲಿ ಆ ಅರಣ್ಯವು ರಾಷ್ಟ್ರೀಯ ಉದ್ಯಾನವಾಯಿತು. ಗಣಿಯಿಂದ ಕಾಡಿಗೂ ಭದ್ರೆಗೂ ಆಗುತ್ತಿದ್ದ ಹಾನಿಯನ್ನು ಜನರು ಎತ್ತಿ ಆಡಿದರು. ಸರ್ವೋಚ್ಚ ನ್ಯಾಯಾಲಯವು 2002ರಲ್ಲಿ ಕೊಟ್ಟ ತೀರ್ಪಿನಂತೆ 2005ರ ಕೊನೆಗೆ ಗಣಿಯ ಕೆಲಸವು ನಿಂತಿತು. ಮೂವತ್ತು ವರ್ಷಗಳೊಳಗಾಗಿ ಒಂದು ಪಟ್ಟಣವು ಹುಟ್ಟಿ, ತುಂಬಿ, ಬರಿದಾಯಿತು.

ಈ ಕಥೆಯಲ್ಲಿ ಯಾರು ಸರಿ, ಯಾರು ತಪ್ಪು ಎಂದು ತೀರ್ಮಾನ ಹೇಳುವುದು ಈ ಲೇಖನದ ಉದ್ದೇಶವಲ್ಲ. ಕಾಡು ಉಳಿದುದಕ್ಕೆ ನಾವು ಸಂತೋಷಪಡುವವರೇ. ಆದರೆ ಆ ಪಟ್ಟಣದಲ್ಲಿ ಹುಟ್ಟಿದ ಮಕ್ಕಳಿಗೆ ಅದು ತವರೂರು. ಅವರ ತಂದೆಗಳು ಗಣಿಯಲ್ಲಿ ಪಾಳಿಯ ಮೇಲೆ ದುಡಿದರು. ಅವರ ತಾಯಂದಿರು ಆರು ತಿಂಗಳ ಮಳೆಯಲ್ಲಿ ಬಟ್ಟೆ ಒಣಗಿಸಲು ಪಾಡುಪಟ್ಟರು. ಈಗ ಆ ಸಂಸಾರಗಳು ಮಂಗಳೂರು, ಬೆಂಗಳೂರು, ಇನ್ನೂ ದೂರದ ಊರುಗಳಿಗೆ ಚದರಿಹೋಗಿವೆ. ಗಣಿ ಬರುವ ಮೊದಲೇ ಆ ಕಣಿವೆಗಳಲ್ಲಿ ಗದ್ದೆ ಮಾಡಿಕೊಂಡಿದ್ದವರಿದ್ದರು. ಉದ್ಯಾನವಾದ ಮೇಲೆ ಪರಿಹಾರ ಪಡೆದು ಹೊರಬಂದವರೂ ಇದ್ದಾರೆ, ಹೊರಬರಲೊಲ್ಲದೆ ಉಳಿದವರೂ ಇದ್ದಾರೆ. ಕಂಪೆನಿಯ ಲೆಕ್ಕಪತ್ರಗಳೂ ನ್ಯಾಯಾಲಯದ ತೀರ್ಪೂ ಎಂದೆಂದಿಗೂ ದೊರೆಯುತ್ತವೆ. ಈ ಮನೆಗಳ ಮಾತು ದೊರೆಯಬೇಕಾದರೆ ನಾವೇ ಹೋಗಿ ಕೇಳಬೇಕು. ಐವತ್ತು ವರ್ಷಗಳ ಹಿಂದಿನ ಮಾತನ್ನೇ ನಾವು ಕಳೆದುಕೊಂಡರೆ, ಏಳು ನೂರು ವರ್ಷಗಳ ಹಿಂದಿನದನ್ನು ಕುರಿತು ಭಾಷಣ ಮಾಡಿ ಏನು ಫಲ?

ಇದಕ್ಕೆ ಕೆಲವು ಆಕ್ಷೇಪಗಳು ಬರುವುದುಂಟು. ಇದು ವಿದ್ವಾಂಸರ ಕೆಲಸ, ಸಂಸಾರಸ್ಥ ಹೆಂಗಸರಿಗೆ ಇದರಲ್ಲಿ ಏನು ಗತಿ? ಎಂದು ಕೆಲವರು ಕೇಳಬಹುದು. ಶಾಸನದ ಲಿಪಿಯನ್ನು ಓದುವುದು ವಿದ್ವಾಂಸರ ಕೆಲಸವೇ ಸರಿ. ಆದರೆ ಒಬ್ಬ ಅಜ್ಜಿಯ ಪಕ್ಕದಲ್ಲಿ ಕುಳಿತು ಹುರುಳಿ ಆರಿಸುತ್ತಾ ಅವರ ಮಾತನ್ನು ಕೇಳುವುದಕ್ಕೆ ನಮಗಿರುವಷ್ಟು ಸಲಿಗೆ ಯಾವ ವಿದ್ವಾಂಸರಿಗೂ ಇಲ್ಲ. ಹೆಂಗಸರು ಗಂಡಸರ ಸಭೆಯಲ್ಲಿ ಹೇಳದಿರುವುದನ್ನು ಅಡುಗೆಮನೆಯಲ್ಲಿ ಹೇಳುತ್ತಾರೆ. ನಮ್ಮ ಶಾಲೆಯಿಂದ ಓದುಬರಹ ಕಲಿತ ಹೆಣ್ಣುಮಕ್ಕಳು ಈ ಸೀಮೆಯ ಮನೆಮನೆಗಳಲ್ಲಿದ್ದಾರೆ. ಯಾವ ಇಲಾಖೆಯೂ ಇಷ್ಟು ಮಂದಿ ಬರಹಗಾರರನ್ನು ನೇಮಿಸಲಾರದು.

ಹಳೆಯದನ್ನು ಕೆದಕಿದರೆ ಹಳೆಯ ಜಗಳಗಳೂ ಏಳುತ್ತವೆ ಎಂಬುದು ಎರಡನೆಯ ಆಕ್ಷೇಪ. ಇದರಲ್ಲಿ ಸತ್ಯಾಂಶವಿಲ್ಲದಿಲ್ಲ. ಒಂದೇ ತೋಟದ ಕಥೆಯನ್ನು ಸಾಹುಕಾರರ ಮನೆಯಲ್ಲಿ ಕೇಳಿದರೆ ಒಂದು ಬಗೆ, ಲೈನಿನಲ್ಲಿ ಕೇಳಿದರೆ ಇನ್ನೊಂದು ಬಗೆ. ಜೊತೆಯಲ್ಲಿ ಓದಿದ ಹುಡುಗಿಯರಲ್ಲಿಯೇ ಒಬ್ಬಳು ಆ ಮನೆಯವಳು, ಒಬ್ಬಳು ಈ ಲೈನಿನವಳು ಆಗಿರುವುದುಂಟು. ಆದರೆ ಹೇಳದೆ ಬಿಟ್ಟ ಮಾತ್ರಕ್ಕೆ ನೋವು ಇಲ್ಲದಂತಾಗುವುದಿಲ್ಲ. ಎರಡು ಕಡೆಯ ಮಾತನ್ನೂ ಕೇಳಿ, ಎರಡನ್ನೂ ಹೇಳಿದವರ ನುಡಿಯಲ್ಲಿಯೇ ಬರೆದಿಟ್ಟರೆ, ಓದುವವರು ವಿವೇಚಿಸಿಕೊಳ್ಳುತ್ತಾರೆ. ಒಂದು ಕಡೆಯದನ್ನು ಮಾತ್ರ ಬರೆದು ಅದಕ್ಕೆ ಹಾರ ಹಾಕಿದಾಗಲೇ ಜಗಳ ಏಳುವುದು. ಹೊಗಳಿಕೆಯಷ್ಟನ್ನೇ ಆರಿಸಿಕೊಳ್ಳುವ ಸಂಘವು ಚರಿತ್ರೆಯ ಸಂಘವಲ್ಲ, ಉತ್ಸವದ ಸಂಘ.

ಮಕ್ಕಳ ಪರೀಕ್ಷೆಗೆ ಇದರಿಂದೇನು ಪ್ರಯೋಜನವೆಂಬುದು ತಾಯಿತಂದೆಗಳ ಪ್ರಶ್ನೆ. ಅಂಕಗಳು ಹೆಚ್ಚುತ್ತವೆಂದು ನಾವು ಸುಳ್ಳು ಭರವಸೆ ಕೊಡುವುದಿಲ್ಲ. ಆದರೆ ಕೇಳಿದುದನ್ನು ಕೇಳಿದಂತೆ ಬರೆಯುವುದು, ಇಬ್ಬರ ಮಾತು ಬೇರೆಯಾದಾಗ ಎರಡನ್ನೂ ತೂಗಿನೋಡುವುದು, ತನಗಿಂತ ಬಡವರ ಮುಂದೆ ಶಿಷ್ಯಳಾಗಿ ಕುಳಿತುಕೊಳ್ಳುವುದು—ಈ ಮೂರು ಪಾಠಗಳನ್ನು ಯಾವ ಪಠ್ಯಪುಸ್ತಕವೂ ಇಷ್ಟು ಚೆನ್ನಾಗಿ ಕಲಿಸಲಾರದು.

ಹೀಗಿರಲಾಗಿ, ಮಾಡಬೇಕಾದುದೇನು? ದೊಡ್ಡ ಹಣವಾಗಲಿ ಕಟ್ಟಡವಾಗಲಿ ಬೇಕಾಗಿಲ್ಲ. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಪ್ರತಿಯೊಬ್ಬರೂ ತಮ್ಮ ಮನೆಯ ಅಥವಾ ನೆರೆಯ ಹಿರಿಯರೊಬ್ಬರ ಮಾತನ್ನು ಈ ವರ್ಷದೊಳಗಾಗಿ ಬರೆದಿಡಲಿ. ಎಲ್ಲರ ಕೈಯಲ್ಲಿಯೂ ಈಗ ಮೊಬೈಲ್ ಫೋನು ಇದೆ. ಧ್ವನಿಯನ್ನು ಹಿಡಿದಿಡುವುದು ಸುಲಭ. ಆದರೆ ಮೊದಲು ಅವರ ಒಪ್ಪಿಗೆಯನ್ನು ಕೇಳಬೇಕು. ಹೊರಗೆ ಹೇಳಬೇಡವೆಂದುದನ್ನು ಹೇಳಕೂಡದು. ಅವರು ತುಳುವಿನಲ್ಲಿ ಹೇಳಿದರೆ ತುಳುವಿನಲ್ಲಿ, ಕೊಂಕಣಿಯಲ್ಲಿ ಹೇಳಿದರೆ ಕೊಂಕಣಿಯಲ್ಲಿ ಕೇಳಬೇಕು. ಅವರ ಮಾತನ್ನು ತಿದ್ದಿ ಪುಸ್ತಕದ ಭಾಷೆ ಮಾಡುವ ಗೊಡವೆ ಬೇಡ. ತಲೆಬರಹದಲ್ಲಿ ಅವರ ಹೆಸರು, ಊರು, ಬರೆದ ದಿನ—ಇವು ಇರಲೇಬೇಕು. ಈ ಒಂದು ನಿಯಮವನ್ನು ನಾವು ಬಹಳ ಬೆಲೆ ತೆತ್ತು ಕಲಿತೆವು.

ಮನೆಯ ಪೆಟ್ಟಿಗೆಗಳಲ್ಲಿರುವ ಹಳೆಯ ಫೋಟೋಗಳ ಹಿಂಬದಿಯಲ್ಲಿ, ಗುರುತಿಸುವವರು ಬದುಕಿರುವಾಗಲೇ, ಸೀಸದ ಕಡ್ಡಿಯಿಂದ ಮೆಲ್ಲನೆ ಹೆಸರುಗಳನ್ನು ಬರೆಯಿರಿ. ಹಳೆಯ ಕಾಗದ, ಗೇಣಿಚೀಟಿ, ತೋಟದ ಪುಸ್ತಕಗಳನ್ನು ರದ್ದಿಗೆ ಹಾಕುವ ಮುನ್ನ ಒಮ್ಮೆ ತೋರಿಸಿ. 2019ರ ಆಗಸ್ಟಿನ ಮಳೆಯಲ್ಲಿ ಮೂಡಿಗೆರೆ ಕಡೆಯ ಗುಡ್ಡಗಳು ಕುಸಿದು, ಚಾರ್ಮಾಡಿ ಘಟ್ಟದ ರಸ್ತೆಯೂ ಮುಚ್ಚಿಹೋದುದನ್ನು ನಾವಾರೂ ಮರೆತಿಲ್ಲ. ಮನೆಯೇ ಮಣ್ಣಿನಡಿ ಹೋದಾಗ ಪೆಟ್ಟಿಗೆಯಲ್ಲಿದ್ದ ಕಾಗದವನ್ನು ಕೇಳುವವರಾರು? ಆದುದರಿಂದ ಯಾವುದೇ ಬರಹಕ್ಕೂ ಮೂರು ಪ್ರತಿಗಳಿರಲಿ: ಒಂದು ಮನೆಯಲ್ಲಿ, ಒಂದು ಶಾಲೆಯಲ್ಲಿ, ಒಂದು ಮಳೆ ತಲುಪದ ದೂರದ ಊರಿನ ಗ್ರಂಥಾಲಯದಲ್ಲಿ. ಶಾಲೆಯ ಹಳೆಯ ದಾಖಲಾತಿ ಪುಸ್ತಕಗಳೂ ಚರಿತ್ರೆಯ ಸಾಧನಗಳೇ. ಯಾವ ಹಳ್ಳಿಯಿಂದ ಮೊದಲು ಹುಡುಗಿಯರು ಬಂದರು, ಎಷ್ಟು ಮಂದಿ ನಡುವೆಯೇ ಬಿಟ್ಟುಹೋದರು ಎಂಬುದು ಅವುಗಳಿಂದ ತಿಳಿದೀತು. ಅವುಗಳನ್ನು ಬೀರುವಿನಿಂದ ತೆಗೆದು, ಒಣಗಿಸಿ, ಪ್ರತಿ ಮಾಡಿಸುವ ಕೆಲಸಕ್ಕೆ ಹಳೆಯ ವಿದ್ಯಾರ್ಥಿನಿಯರ ಸಂಘವು ಕೈಹಾಕಬೇಕೆಂದು ನಮ್ಮ ಬಿನ್ನಹ.

ಬರಹದ ಕಲ್ಲು ಕಣ್ಣಿಗೆ ಬಿದ್ದರೆ ಅದರ ಅಕ್ಷರಗಳಿಗೆ ಬಣ್ಣ ಬಳಿಯಬಾರದು, ಉಳಿಯಿಂದ ಕೆರೆಯಬಾರದು, ನಿಂತ ಎಡೆಯಿಂದ ಕದಲಿಸಬಾರದು. ಇಳಿಬಿಸಿಲಿನಲ್ಲಿ ಓರೆಯಾಗಿ ಬೆಳಕು ಬಿದ್ದಾಗ ಅದರ ಫೋಟೋ ತೆಗೆದು, ಇರುವ ಸ್ಥಳವನ್ನು ಬರೆದುಕೊಂಡು, ರಾಜ್ಯದ ಪುರಾತತ್ತ್ವ ಇಲಾಖೆಗೂ ಬಲ್ಲ ವಿದ್ವಾಂಸರಿಗೂ ತಿಳಿಸಬೇಕು. ಅದು ರೈಸರ ಸಂಪುಟದಲ್ಲಿ ಆಗಲೇ ಬಂದಿದೆಯೇ ಎಂದು ನೋಡಬೇಕು. ಅದನ್ನು ತೋರಿಸಿದವರ ಹೆಸರನ್ನೂ ಅದರ ಜೊತೆಯಲ್ಲಿಯೇ ಬರೆಯಬೇಕು.

ಉಪನ್ಯಾಸಗಳನ್ನು ಏರ್ಪಡಿಸುವ ಮಹನೀಯರಲ್ಲಿಯೂ ಒಂದು ಮಾತು. ವರ್ಷದ ನಾಲ್ಕು ಸಭೆಗಳಲ್ಲಿ ಎರಡನ್ನಾದರೂ ಪೇಟೆಯ ಹಾಲಿನಲ್ಲಿ ಮಾಡದೆ, ಸಂಸೆಯಂಥ ಹಳ್ಳಿಯ ಜಗಲಿಯಲ್ಲಿಯೋ ತೋಟದ ಕಾಫಿಯ ಕಣದಲ್ಲಿಯೋ ಮಾಡಿ ನೋಡಿ. ಭಾಷಣಕ್ಕೆ ಅರ್ಧ ಗಂಟೆ ಸಾಕು. ಉಳಿದ ಹೊತ್ತನ್ನು ಕೇಳುವುದಕ್ಕೆ ಬಿಡಿ. ವ್ಯಾಸಪೀಠದ ಪಕ್ಕದ ಕುರ್ಚಿಯಲ್ಲಿ ಆ ಊರಿನ ಅತ್ಯಂತ ಹಿರಿಯ ಹೆಂಗಸನ್ನು ಕೂರಿಸಿ. ಮೊದಮೊದಲು ಅವರು “ನನಗೇನು ಗೊತ್ತಪ್ಪಾ” ಎನ್ನುತ್ತಾರೆ. ಎರಡನೆಯ ಲೋಟ ಕಾಫಿಯ ಹೊತ್ತಿಗೆ ಬರೆದುಕೊಳ್ಳುವವರಿಗೆ ಕೈಸೋಲುತ್ತದೆ.

ಜಾಕಲಮಹಾದೇವಿಯ ಹೆಸರು ಉಳಿದುದು ಆಕೆ ರಾಣಿಯಾಗಿದ್ದುದರಿಂದ. ಆಕೆಯ ಶಾಸನವನ್ನು ಕೆತ್ತಲು ಕೂಲಿಯಾಳುಗಳಿದ್ದರು, ಓದಲು ಮುಂದೆ ವಿದ್ವಾಂಸರು ಬಂದರು. ನಮ್ಮ ಅಜ್ಜಿಯರಿಗೆ ಕಲ್ಲು ಕೆತ್ತುವವರಿಲ್ಲ. ಅವರಿಗಾಗಿ ಬರೆಯಬಲ್ಲವರು ಯಾರಾದರೂ ಇದ್ದರೆ, ಅವರು ಈ ಶಾಲೆಯಲ್ಲಿ ಅಕ್ಷರ ಕಲಿತ ನಾವು. ನಮ್ಮನ್ನು ಶಾಲೆಗೆ ಕಳುಹಿಸುವುದಕ್ಕಾಗಿ ತಾವು ಓದದೆ ಉಳಿದ ಹೆಂಗಸರು ನಮ್ಮ ಮನೆಗಳಲ್ಲಿಯೇ ಇದ್ದಾರೆ. ಆ ಋಣವನ್ನು ತೀರಿಸುವ ದಾರಿಗಳಲ್ಲಿ ಇದೂ ಒಂದು.

ಈ ಸಂಚಿಕೆಯು ಓದುಗರ ಕೈಸೇರುವ ದಿನ ಮಳೆಯಿದ್ದರೂ ಇರಬಹುದು, ಬಿಸಿಲಿದ್ದರೂ ಇರಬಹುದು. ಇದನ್ನು ಮಡಿಸಿಟ್ಟ ಮೇಲೆ, ನಿಮ್ಮ ಮನೆಯಲ್ಲಿ ಅಥವಾ ನೆರೆಯಲ್ಲಿ ಇರುವ ಹಿರಿಯರ ಬಳಿ ಹೋಗಿ ಕುಳಿತುಕೊಳ್ಳಿ. ಮೊದಲ ಪ್ರಶ್ನೆಯಾಗಿ ಅವರ ಪೂರ್ತಿ ಹೆಸರನ್ನೂ ಅವರ ತಾಯಿಯ ಹೆಸರನ್ನೂ ಕೇಳಿ ಬರೆದುಕೊಳ್ಳಿ. ಉಳಿದುದು ತಾನಾಗಿಯೇ ಬರುತ್ತದೆ. ಮಳೆ ಹಿಡಿಯುವುದರೊಳಗೆ ಹೋಗಿ ಎಂದಷ್ಟೇ ನಮ್ಮ ಪ್ರಾರ್ಥನೆ.